ಇಪ್ಪತ್ತೆರಡನೇ ಗುಂಡಿಗೆ ಇಳಿಯಬೇಡಿ

ಮೂಗಕ್ಕನಿಗೆ ಬೇರೊಂದು ಹೆಸರಿತ್ತು. ಶೆಡ್ಡಿನ ಹಾಜರಿ ಪುಸ್ತಕದಲ್ಲಿ ಅದು ಈಗಲೂ ಇರಬೇಕು. ಯಾರೂ ಕರೆಯದ ಹೆಸರು ಇದ್ದರೆಷ್ಟು, ಬಿಟ್ಟರೆಷ್ಟು? ಬಟ್ಟೆ ಒಗೆಯುವ ಶೆಡ್ಡಿನಿಂದ ಬಸ್ ನಿಲ್ದಾಣದವರೆಗೆ ಎಲ್ಲರಿಗೂ ಅವಳು ಮೂಗಕ್ಕ. ಮೂಗು ದೊಡ್ಡದೇನಲ್ಲ, ಎಲ್ಲರಿಗೂ ಇರುವಷ್ಟೇ ಇತ್ತು. ಅದು ಮಾಡುತ್ತಿದ್ದ ಕೆಲಸ ದೊಡ್ಡದು.

ಊರಿನ ಒಳಚರಂಡಿಗೆ ಇಳಿಯುವ ಅರವತ್ತು ಗಂಡಸರ ಬಟ್ಟೆ ಒಗೆಯುವುದು ಅವಳ ಪಾಲಿನ ಕೆಲಸ. ಅವರು ಸಂಜೆ ಮೇಲೆ ಬಂದು, ಶೆಡ್ಡಿನ ಹಿಂದಿನ ನಲ್ಲಿಯ ಕೆಳಗೆ ನಿಂತು, ಬಟ್ಟೆ ಬಿಚ್ಚಿ ತೊಟ್ಟಿಯ ಪಕ್ಕ ಎಸೆದು ಹೋಗುತ್ತಾರೆ. ಬೆಳಿಗ್ಗೆ ಐದಕ್ಕೆ ಅವಳು ಬರುತ್ತಾಳೆ. ಆ ಬಟ್ಟೆಯಲ್ಲಿ ಏನಿರುತ್ತದೆ ಎಂದು ಕೇಳಬೇಡಿ. ಊರಿನವರು ನೀರು ಸುರಿದು ಮರೆತದ್ದೆಲ್ಲ ಇರುತ್ತದೆ. ಸೋಡಾಪುಡಿ ಉಗುರಿನ ಸಂದಿಗೆ ಇಳಿದು ಉರಿಯುತ್ತದೆ. ಅಂಗೈ ಬಿರಿಯುತ್ತದೆ. ಎಂಟು ಗಂಟೆಯ ಹೊತ್ತಿಗೆ ಸೊಂಟ ತನ್ನದೋ ಬೇರೆಯವರದೋ ಗೊತ್ತಾಗುವುದಿಲ್ಲ.

ಹನ್ನೆರಡು ವರ್ಷ ಈ ಕೆಲಸ ಮಾಡಿ ಅವಳಿಗೊಂದು ವಿದ್ಯೆ ಬಂದಿತ್ತು. ಪ್ರತಿ ಅಂಗಿಯ ಬೆನ್ನ ಮೇಲೂ ಒಂದು ನಂಬರು. ಯಾವ ನಂಬರಿನವನು ಯಾವ ಗುಂಡಿಗೆ ಇಳಿದಿದ್ದಾನೆ ಎಂಬುದು ಅವಳಿಗೆ ಬಾಯಿಪಾಠ. ನೆನೆಹಾಕುವ ಮುಂಚೆ ಒಂದೊಂದೇ ಅಂಗಿ ಎತ್ತಿ ಮೂಸುತ್ತಾಳೆ. ಬರೀ ಕೊಳಕಾದರೆ ತೊಟ್ಟಿಗೆ. ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಪಕ್ಕಕ್ಕೆ. ಆ ಗುಂಡಿಯ ತಳದಲ್ಲಿ ವಿಷದ ಗಾಳಿ ಕೂಡುತ್ತಿದೆ ಎಂದು ಅರ್ಥ. ಒಂದು ಗುಂಡಿಯ ಕೆಲಸ ಮೂರು ನಾಲ್ಕು ದಿನ ಎಳೆಯುತ್ತದೆ. ನಿನ್ನೆ ತಲೆ ಸುತ್ತುವಷ್ಟಿದ್ದ ಗಾಳಿ ಇವತ್ತು ಕೊಲ್ಲುವಷ್ಟಾಗಿರುತ್ತದೆ.

ಇಳಿದವನಿಗೇ ವಾಸನೆ ಗೊತ್ತಾಗುವುದಿಲ್ಲವೇ ಎಂದು ಕೇಳುವವರು ಯಾವತ್ತೂ ಇಳಿಯದವರು. ಆ ಗಾಳಿ ಜಾಸ್ತಿಯಾದಾಗ ವಾಸನೆಯೇ ಬರುವುದಿಲ್ಲ. ಕೆಳಗಿಳಿದವನ ಮೂಗು ಮೊದಲು ಸಾಯುತ್ತದೆ. ಆಮೇಲೆ ಅವನು.

ಅವಳ ಅಣ್ಣ ಹಾಗೆಯೇ ಹೋದ. ಏಳನೇ ಗುಂಡಿ. ಹಿಂದಿನ ದಿನದ ಅಂಗಿ ಮೂಸಿದ ಕೂಡಲೇ ಅವಳು ಓಡಿಹೋಗಿ ಕಂಟ್ರಾಕ್ಟರನಿಗೆ ಹೇಳಿದ್ದಳು. ಅವನು ಪಕ್ಕದವನ ಕಡೆ ನೋಡಿ ಕಣ್ಣು ಮಿಟುಕಿಸಿದ.

"ಮೂಗಿನ ಮಾತು ಕೇಳ್ಕೊಂಡು ಕೆಲ್ಸ ನಿಲ್ಸೋಕಾಗುತ್ತೇನಮ್ಮ? ಹೋಗು, ಬಟ್ಟೆ ಒಗಿ."

ಅವಳು ಹೋಗಿ ಬಟ್ಟೆ ಒಗೆದಳು. ಮಧ್ಯಾಹ್ನ ಅಣ್ಣನನ್ನು ಹಗ್ಗ ಹಾಕಿ ಎಳೆದರು. ಒಳಚರಂಡಿಗೆ ಮನುಷ್ಯರನ್ನು ಇಳಿಸಬಾರದು ಎಂಬ ಕಾನೂನು ಇದೆ. ಇಲಾಖೆಯ ಕಾಗದದ ಪ್ರಕಾರ ಕೆಳಗಿಳಿಯುವುದು ಯಂತ್ರ. ಹಾಗಾಗಿ ಅಣ್ಣನ ಕಾಗದದಲ್ಲಿ, ರಸ್ತೆಯಲ್ಲಿ ನಡೆಯುವಾಗ ಕಾಲು ಜಾರಿ ಗುಂಡಿಗೆ ಬಿದ್ದ ಎಂದು ಬರೆದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಚಡ್ಡಿಯಲ್ಲಿ, ಕೈಯಲ್ಲಿ ಬಕೆಟ್ ಹಿಡಿದು ರಸ್ತೆಯಲ್ಲಿ ವಾಯುವಿಹಾರ ಹೋಗುವವರು ಯಾರಿದ್ದಾರೋ ದೇವರೇ ಬಲ್ಲ.

ಆಮೇಲೆ ಬಂತು ರೇಡಿಯೊ. ಅದನ್ನು ತಂದದ್ದು ವೈರ್ ಮಾವ, ಅಂದರೆ ಮೂಗಕ್ಕನ ತಾಯಿಯ ತಮ್ಮ. ಆಯುಷ್ಯವೆಲ್ಲ ಎಲೆಕ್ಟ್ರಿಕ್ ಕೆಲಸ ಮಾಡಿದವನು. ನಿವೃತ್ತಿಯಾದ ಮೇಲೆ ಕೈ ಕೆರೆಯುತ್ತಿತ್ತು. ಕಾರ್ಮಿಕರ ಸಂಘದ ಹೆಸರಿನಲ್ಲಿ ಅರ್ಜಿ ಹಾಕಿ, ಹದಿನೇಳು ಸಲ ಅಲೆದು, ಒಂದು ಪುಟ್ಟ ಬಾನುಲಿ ಕೇಂದ್ರಕ್ಕೆ ಲೈಸೆನ್ಸು ತಂದ. ಶೆಡ್ಡಿನ ಹಿಂದಿನ ಸಾಮಾನಿನ ಕೋಣೆಯೇ ಸ್ಟುಡಿಯೊ. ಸದ್ದು ಮಾರ್ದನಿಸದಿರಲಿ ಎಂದು ಗೋಡೆ ತುಂಬ ಮೊಟ್ಟೆಯ ರಟ್ಟಿನ ತಟ್ಟೆ ಅಂಟಿಸಿದ. ಅಣ್ಣನ ಹೆಂಡತಿ, ಮೂಗಕ್ಕನ ಅತ್ತಿಗೆ, ಏಳನೇ ಕ್ಲಾಸು ಓದಿದವಳು. ಯಂತ್ರದ ಗುಂಡಿ ಒತ್ತುವ, ಹಾಡು ಹಾಕುವ ಕೆಲಸ ಅವಳಿಗೆ ಬಂತು. ಊರ ಅರ್ಧಕ್ಕೆ ಚೆನ್ನಾಗಿ ಕೇಳುತ್ತಿತ್ತು. ಇನ್ನರ್ಧಕ್ಕೆ ಗೊರಗೊರ.

ಬೆಳಿಗ್ಗೆ ಏಳಕ್ಕೆ ಮೂಗಕ್ಕ ಒದ್ದೆ ಕೈಯಲ್ಲೇ ಬಂದು ಮೈಕಿನ ಮುಂದೆ ಕೂರುತ್ತಿದ್ದಳು.

"ಅಣ್ಣತಮ್ಮಂದಿರೇ, ಎಲ್ರೂ ತಿಂಡಿ ತಿಂದ್ರಾ? ಮೂರನೇ ಗುಂಡಿ ಪರವಾಗಿಲ್ಲ. ಹನ್ನೊಂದು ಪರವಾಗಿಲ್ಲ, ಆದ್ರೆ ಗಾಜಿನ ಚೂರಿದೆ, ಕಾಲು ಜೋಪಾನ. ಒಂಬತ್ತನೇ ಗುಂಡಿಗೆ ಇಳೀಬೇಡಿ. ಯಾರು ಹೇಳಿದ್ರೂ ಇಳೀಬೇಡಿ. ಮೂವತ್ತೊಂದನೇ ನಂಬರಿನ ಅಂಗಿಯವ್ನೇ, ಜೇಬಲ್ಲಿ ಬೀಡಿ ಬಿಟ್ಟು ಹಾಕಿದ್ರೆ ಇನ್ಮೇಲೆ ಬಟ್ಟೆ ಒಗೆಯಲ್ಲ. ಈಗ ಹಾಡು."

ಅಷ್ಟೇ. ಎರಡು ನಿಮಿಷದ ಮಾತು. ಆದರೆ ಆ ಎರಡು ನಿಮಿಷ ಚಹಾ ಅಂಗಡಿಯವನು ಕೇಳುತ್ತಿದ್ದ, ಬಸ್ಸಿನ ಡ್ರೈವರ್ ಕೇಳುತ್ತಿದ್ದ, ಇಳಿಯುವವರ ಹೆಂಡಿರು ಮಕ್ಕಳು ಕೇಳುತ್ತಿದ್ದರು. ಒಬ್ಬನೇ ಹೋಗಿ "ಇಳಿಯಲ್ಲ" ಎಂದರೆ ಕಂಟ್ರಾಕ್ಟರ್ "ಹಾಗಾದ್ರೆ ನಾಳೆಯಿಂದ ಬರಬೇಡ" ಎನ್ನುತ್ತಾನೆ. ಅರ್ಧ ಊರಿಗೆ ಗೊತ್ತಾದ ಗುಂಡಿಗೆ ಯಾರನ್ನು ಇಳಿಸುತ್ತಾನೆ? ಹದಿನಾಲ್ಕು ತಿಂಗಳು ಒಬ್ಬನೂ ಸಾಯಲಿಲ್ಲ.

ಇಂಥ ಒಳ್ಳೆಯ ಕೆಲಸ ಸರ್ಕಾರದ ಕಣ್ಣಿಗೆ ಬೀಳದೆ ಇರುತ್ತದೆಯೇ? ಬಿತ್ತು.

ಪ್ರಸಾರ ನಿಯಂತ್ರಣ ಕಚೇರಿಯ ಸಾಹೇಬರು ಒಂದು ಬೆಳಿಗ್ಗೆ ಜವಾನನೊಂದಿಗೆ ಬಂದಿಳಿದರು. ಮೂಗಿಗೆ ಕರವಸ್ತ್ರ. ಅದಕ್ಕೆ ಸೆಂಟು. ಮೊದಲು ಏರಿಯಲ್ ಕಂಬದ ಎತ್ತರ ಅಳೆಸಿದರು. ಆಮೇಲೆ ಗೋಡೆಯ ಮೊಟ್ಟೆ ತಟ್ಟೆ ಎಣಿಸಿ ಬರೆಸಿದರು. ಏಕೆಂದು ಯಾರಿಗೂ ತಿಳಿಯಲಿಲ್ಲ, ಬಹುಶಃ ಅವರಿಗೂ. ಅತ್ತಿಗೆ ಕುರ್ಚಿ ಎಳೆದಳು. ಜವಾನ ಅದನ್ನು ಒರೆಸಿ, ಮೇಲೆ ಪೇಪರ್ ಹಾಸಿದ. ಆದರೂ ಸಾಹೇಬರು ಕೂರಲಿಲ್ಲ. ವೈರ್ ಮಾವ ಚಹಾ ಕೊಟ್ಟಾಗ ಲೋಟವನ್ನು ಕಣ್ಣಲ್ಲೇ ಮುಟ್ಟಿ, "ಈಗಷ್ಟೇ ಆಯ್ತು" ಎಂದರು.

"ಬೆಳಿಗ್ಗೆ ಏಳಕ್ಕೆ ಮಾತಾಡೋದು ಯಾರು?"

"ನಾನೇ ಸಾರ್," ಎಂದಳು ಮೂಗಕ್ಕ.

"ನಿಮ್ಮ ಲೈಸೆನ್ಸಿನಲ್ಲಿ ಹಾಡು, ಆರೋಗ್ಯ, ಸ್ವಚ್ಛತೆ ಅಂತ ಇದೆ. ನೀನು ಹೇಳ್ತಿರೋದು ಸುದ್ದಿ. ಸಣ್ಣ ಕೇಂದ್ರದವರು ಸುದ್ದಿ ಹೇಳೋ ಹಾಗಿಲ್ಲ."

"ಸುದ್ದಿ ಅಂದ್ರೆ ಏನು ಸಾರ್?"

"ಇವತ್ತು ಎಲ್ಲಿ ಏನಾಗಿದೆ, ಏನಾಗ್ತಿದೆ ಅಂತ ಹೇಳೋದು ಸುದ್ದಿ."

"ಇವತ್ತು ಬಿಸಿಲು ಜಾಸ್ತಿ ಅಂದ್ರೆ?"

"ಹವಾಮಾನ ಇಲಾಖೆ ಹೇಳಿದ್ರೆ ಹವಾಮಾನ. ನೀನು ಹೇಳಿದ್ರೆ ಸುದ್ದಿ."

"ಗಂಟೆ ಎಷ್ಟು ಅಂತ ಹೇಳ್ಬಹುದಾ ಸಾರ್?" ಎಂದು ಅತ್ತಿಗೆ ಬಲು ವಿನಯದಿಂದ ಕೇಳಿದಳು.

ಸಾಹೇಬರು ನಿಜಕ್ಕೂ ಯೋಚಿಸಿದರು. "ಗಡಿಯಾರ ಸರಿ ಇದ್ರೆ ಹೇಳ್ಬಹುದು."

"ಗುಂಡೀಲಿ ಗಾಳಿ ಕೆಟ್ಟಿದೆ, ಇಳೀಬೇಡಿ ಅನ್ನೋದು?" ಎಂದಳು ಮೂಗಕ್ಕ.

"ಅದು ಸುಳ್ಳು ಸುದ್ದಿ. ಗುಂಡಿಗೆ ಯಾರೂ ಇಳಿಯೋದೇ ಇಲ್ಲ ಅಂತ ಒಳಚರಂಡಿ ಇಲಾಖೆಯವರು ಬರೆದು ಕೊಟ್ಟಿದ್ದಾರೆ. ಯಾರೂ ಇಳಿಯದ ಗುಂಡಿಗೆ ಇಳೀಬೇಡಿ ಅಂತ ಕೂಗಿದ್ರೆ ಜನಕ್ಕೆ ಗಾಬರಿ ಆಗಲ್ವಾ?"

ಅದೇ ಹೊತ್ತಿಗೆ ಕಿಟಕಿಯ ಆಚೆ ಎಂಟು ಜನ ಹೆಗಲ ಮೇಲೆ ಹಗ್ಗ, ಕೈಯಲ್ಲಿ ಬಕೆಟ್ ಹಿಡಿದು ಸಾಲಾಗಿ ಹೋದರು. ಅವರಲ್ಲೊಬ್ಬ ಮೂಗಕ್ಕನ ತಮ್ಮ. ಅವನು ಒಳಗೆ ಇಣುಕಿ, ದೊಡ್ಡ ಮನುಷ್ಯರನ್ನು ಕಂಡು ಸಲಾಮು ಹೊಡೆದ. ಸಾಹೇಬರೂ ತಲೆ ಆಡಿಸಿದರು. ಯಾರೂ ಇಳಿಯುವುದಿಲ್ಲ ಎಂಬ ಮಾತು ಹಾಗೇ ಗಾಳಿಯಲ್ಲಿ ನಿಂತಿತ್ತು, ಅದಕ್ಕೇನೂ ನಾಚಿಕೆಯಾಗಲಿಲ್ಲ.

"ಇನ್ಮೇಲೆ ಏನು ಮಾತಾಡ್ಬೇಕಾದ್ರೂ ಎರಡು ದಿನ ಮುಂಚೆ ಬರೆದು ಕಚೇರಿಗೆ ಕೊಡಬೇಕು. ಮಾತಾಡೋರೇ ತಮ್ಮ ಕೈಯಿಂದ ಬರೀಬೇಕು. ಬೇರೆಯವರು ಬರೆದದ್ದು ನಡೆಯಲ್ಲ."

"ನಂಗೆ ಬರೆಯೋಕೆ ಬರಲ್ಲ ಸಾರ್."

ಸಾಹೇಬರು ಕರವಸ್ತ್ರದ ಹಿಂದೆ ನಕ್ಕರು. "ಹಾಗಾದ್ರೆ ಇನ್ನೂ ಒಳ್ಳೇದಾಯ್ತು."

ಅವರು ಒಂದು ನಿಯಮ ಪುಸ್ತಕ ಬಿಟ್ಟು ಹೋದರು. ಅರವತ್ತನಾಲ್ಕು ಪುಟ. ತಪ್ಪಿದರೆ ಲೈಸೆನ್ಸು ರದ್ದು, ಯಂತ್ರ ಜಪ್ತಿ ಎಂಬುದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರು.

ಮಾರನೆಯ ದಿನದಿಂದ ಏಳು ಗಂಟೆಗೆ ಬರೀ ಹಾಡು. ಮೂಗಕ್ಕ ಅಂಗಿ ಮೂಸುವುದನ್ನು ಬಿಡಲಿಲ್ಲ. ಮೂಸಿದ್ದನ್ನು ಹೇಳುವ ಜಾಗ ಇರಲಿಲ್ಲ. ಗುಂಡಿಗಳ ಬಳಿ ಓಡಿ ಹೇಳೋಣವೆಂದರೆ ಹತ್ತು ತಂಡ ಹತ್ತು ದಿಕ್ಕಿಗೆ. ಕಂಟ್ರಾಕ್ಟರನಿಗೆ ಹೇಳಿದಳು. ಅವನಿಗೆ ಹಳೆಯ ನಗು ವಾಪಸು ಬಂದಿತ್ತು. "ಸರ್ಕಾರವೇ ನಿನ್ನ ಬಾಯಿ ಮುಚ್ಚಿಸಿದೆ, ನಂಗ್ಯಾಕೆ ಹೇಳ್ತೀಯ?"

ಒಂಬತ್ತನೆಯ ದಿನ ತಮ್ಮನ ಅಂಗಿ ಕೈಗೆ ಬಂತು. ಹತ್ತೊಂಬತ್ತನೇ ಗುಂಡಿ. ಮೂಗಿನ ಹತ್ತಿರ ತರುವ ಮೊದಲೇ ಕೊಳೆತ ಮೊಟ್ಟೆಯ ನಾತ ಹೊಡೆಯಿತು. ಹಾಗೇ ಮನೆಗೆ ಓಡಿದಳು. ತಮ್ಮ ಹಗ್ಗ ಸುತ್ತುತ್ತಿದ್ದ.

"ಇವತ್ತು ಇಳೀಬೇಡ ಕಣೋ."

"ನೀನು ರೇಡಿಯೊದಲ್ಲಿ ಹೇಳಿದ್ರೆ ಇಳಿಯಲ್ಲ ಅನ್ಬಹುದು. ಅಡುಗೆಮನೇಲಿ ಹೇಳಿದ್ರೆ ಹೇಗಕ್ಕ? ನಾನು ಇಳಿಯಲ್ಲ ಅಂದ್ರೆ ನನ್ನ ಹಿಂದಿರೋನನ್ನ ಇಳಿಸ್ತಾನೆ. ಅವ್ನಿಗೆ ಎರಡು ಚಿಕ್ಕ ಮಕ್ಕಳು."

ಹನ್ನೊಂದಕ್ಕೆ ತಮ್ಮ ಇಳಿದ. ಹನ್ನೊಂದೂ ಹತ್ತಕ್ಕೆ ಹಗ್ಗ ಅಲುಗುವುದು ನಿಂತಿತು. ಮೇಲಿದ್ದವರು ಎಳೆದರು. ಬಾಯಿಯಲ್ಲಿ ನೊರೆ, ಕಣ್ಣು ಮೇಲಕ್ಕೆ. ಮೂರು ದಿನ ಆಸ್ಪತ್ರೆಯಲ್ಲಿ ಎದೆಗೆ ಗಾಳಿ ಹಾಕಿ ಬದುಕಿಸಿದರು. ಕಣ್ಣು ಬಿಟ್ಟ ಮೇಲೆ ಅವನು ಆಡಿದ ಮೊದಲ ಮಾತು ಇದು:

"ಅಕ್ಕಾ, ಇಳಿಯೋವಾಗ ಮೇಲೆ ರೇಡಿಯೊ ಹಾಡ್ತಿತ್ತು. ಹಾಡು ಚೆನ್ನಾಗಿತ್ತು."

ಅವಳು ಅವನ ತಲೆಗೆ ಒಂದು ಮೊಟಕಿದಳು. ಆಮೇಲೆ ಹಾಸಿಗೆಯ ಕಂಬಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣ ಸತ್ತಾಗ ಹೇಳಿದ್ದಳು, ಯಾರೂ ಕೇಳಲಿಲ್ಲ. ಈ ಸಲ ಕೇಳುವವರಿದ್ದರು, ಅವಳೇ ರೇಡಿಯೊದಲ್ಲಿ ಹೇಳಲಿಲ್ಲ. ಹಾಡು ಹಾಕಿಸಿ ಕೂತಿದ್ದಳು. ತನ್ನ ಬಾಯಿಯ ಮೇಲೆ ಅವಳಿಗೆ ಅಸಹ್ಯವಾಯಿತು. ಅಳು ಮುಗಿದ ಮೇಲೆ ಸಿಟ್ಟು ಬಂತು, ಸಿಟ್ಟು ಹೋಗಲಿಲ್ಲ.

ಅತ್ತಿಗೆ ಮಂಚದ ಕಾಲ ಬಳಿ ಕೂತು ನಿಯಮ ಪುಸ್ತಕ ಓದುತ್ತಿದ್ದಳು. ಆಸ್ಪತ್ರೆಯಲ್ಲಿ ಓದಲು ಬೇರೇನೂ ಸಿಗದೆ ತಂದದ್ದು. ಬೆರಳಿಟ್ಟು ಓದುವವಳು, ಮೂರು ದಿನಕ್ಕೆ ನಲವತ್ತೊಂದನೇ ಪುಟಕ್ಕೆ ಬಂದಿದ್ದಳು.

"ಇಲ್ಲಿ ಕೇಳೇ," ಎಂದಳು. "'ಮಾತನಾಡುವವರಿಗೆ ಬರೆಯಲು ಬಾರದಿದ್ದಲ್ಲಿ, ಅಧಿಕಾರಿಯು ಅವರನ್ನು ತನ್ನೆದುರು ಕೂರಿಸಿ, ಅವರ ಮಾತನ್ನು ಅವರು ಹೇಳಿದಂತೆಯೇ ಖುದ್ದು ಬರೆದುಕೊಂಡು, ಅದರ ಸತ್ಯಾಸತ್ಯತೆಯನ್ನು ಸ್ವತಃ ಪರಿಶೀಲಿಸಿ, ಗಟ್ಟಿಯಾಗಿ ಓದಿ ಹೇಳಿ, ಹೆಬ್ಬೆಟ್ಟು ಪಡೆದು, ಸಹಿ ಮತ್ತು ಮೊಹರು ಹಾಕತಕ್ಕದ್ದು.'"

"ಎರಡು ದಿನ ಮುಂಚೆ ತಾನೆ?" ಎಂದಳು ಮೂಗಕ್ಕ. "ಅಷ್ಟು ಹೊತ್ತಿಗೆ ಹೆಣ ಎತ್ತಿರ್ತಾರೆ."

"ತಾಳು." ಅತ್ತಿಗೆ ಹಾಳೆ ಹಿಂದಕ್ಕೆ ತಿರುವಿದಳು. "ಪುಟ ಹನ್ನೆರಡು. 'ಅಧಿಕಾರಿಯು ಸಹಿ, ಮೊಹರು ಹಾಕಿ ಗಟ್ಟಿಯಾಗಿ ಓದಿದ ಯಾವುದೇ ಬರಹವು ಸರ್ಕಾರಿ ಪ್ರಕಟಣೆ ಎನಿಸುವುದು. ಅದನ್ನು ಸುದ್ದಿ ಎಂದು ಪರಿಗಣಿಸತಕ್ಕದ್ದಲ್ಲ. ಎಲ್ಲ ಕೇಂದ್ರಗಳೂ ಅದನ್ನು ತಡಮಾಡದೆ ಪ್ರಸಾರ ಮಾಡತಕ್ಕದ್ದು.'"

ವೈರ್ ಮಾವ ಪುಸ್ತಕವನ್ನು ಕಿತ್ತುಕೊಂಡು ಎರಡೂ ಪುಟ ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

"ಹನ್ನೆರಡನೇ ಪುಟ ಬರೆದವನು ಬೇರೆ, ನಲವತ್ತೊಂದು ಬರೆದವನು ಬೇರೆ ಕಣಮ್ಮ. ಇಬ್ರೂ ಒಬ್ರದ್ದನ್ನೊಬ್ರು ಓದಿಲ್ಲ. ಆ ಸಾಹೇಬ ಅಂತೂ ಮುಖಪುಟ ಬಿಟ್ಟು ಏನೂ ಓದಿಲ್ಲ."

ತಮ್ಮನನ್ನು ಮನೆಗೆ ಕಳಿಸಿದ ಎಂಟೇ ದಿನಕ್ಕೆ ಕಂಟ್ರಾಕ್ಟರ್ ಹೇಳಿಕಳಿಸಿದ: ಬರುವುದಾದರೆ ಇವತ್ತೇ ಬರಬೇಕು, ಇಪ್ಪತ್ತೆರಡನೇ ಗುಂಡಿ, ಇಲ್ಲದಿದ್ದರೆ ಜಾಗ ಬೇರೆಯವರಿಗೆ. ತಮ್ಮ ಇನ್ನೂ ಮಾತಿನ ನಡುವೆ ಕೆಮ್ಮುತ್ತಿದ್ದ, ಆದರೂ ಹಗ್ಗ ಎತ್ತಿಕೊಂಡು ಹೊರಟ. ಆ ಬೆಳಿಗ್ಗೆಯೇ ಮೂಗಕ್ಕ ಇಪ್ಪತ್ತೆರಡರ ಹಿಂದಿನ ದಿನದ ಅಂಗಿ ಎತ್ತಿದಳು. ಒಮ್ಮೆ ಮೂಸಿದಳು. ಒಗೆಯಲಿಲ್ಲ. ಹಾಗೇ ಮಡಚಿ, ಗಂಟು ಕಟ್ಟಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟಳು.

ಕಚೇರಿ ತೆರೆಯುವುದು ಹತ್ತಕ್ಕೆ. ರಸ್ತೆಯ ಗಾಡಿ ಸಂದಣಿ ಇಳಿದ ಮೇಲೆ, ಹನ್ನೊಂದಕ್ಕೆ, ಗುಂಡಿಗೆ ಇಳಿಸುತ್ತಾರೆ. ನಡುವೆ ಒಂದೇ ಗಂಟೆ.

ಬಾಗಿಲಲ್ಲಿ ಜವಾನ ಸ್ಟೂಲಿನ ಮೇಲೆ ಕೂತಿದ್ದ. ಕಿಟಕಿಯ ಮೇಲೆ ಅವನ ಸಣ್ಣ ರೇಡಿಯೊ ಹಾಡುತ್ತಿತ್ತು. ಹಾಡು ಇವರ ಕೇಂದ್ರದ್ದೇ. ಅತ್ತಿಗೆಯ ಹಾಡಿನ ಆಯ್ಕೆ ಅವನಿಗೆ ಹಿಡಿಸಿತ್ತು.

"ಹಿಂದಿನ ಬಾಗಿಲಿಂದ ಬಾ."

"ಹಿಂದೆ ಗೋಡೆ ಇದೆಯಲ್ಲಪ್ಪ."

"ಹೌದಾ?" ಎಂದು ಅವನು ಯೋಚಿಸುವಷ್ಟರಲ್ಲಿ ಅವಳು ಒಳಗಿದ್ದಳು.

ಸಾಹೇಬರು ತಲೆ ಎತ್ತಿದರು. ಕೈ ತಾನಾಗಿಯೇ ಕರವಸ್ತ್ರಕ್ಕೆ ಹೋಯಿತು. "ಏನಮ್ಮ? ಅಲ್ಲೇ ನಿಂತು ಹೇಳು."

"ಕೂತು ಹೇಳ್ಬೇಕು ಸಾರ್. ಪುಟ ನಲವತ್ತೊಂದು. 'ತನ್ನೆದುರು ಕೂರಿಸಿ' ಅಂತ ಇದೆ."

ಸಾಹೇಬರು ಪುಸ್ತಕ ತರಿಸಿ ಓದಿದರು. ಮೂರು ಸಲ ಓದಿದರು. ಓದುತ್ತ ಓದುತ್ತ ಅವರ ಕುತ್ತಿಗೆ ಕಾಲರಿನೊಳಕ್ಕೆ ಇಳಿಯಿತು. ಅಷ್ಟರಲ್ಲಿ ಮೂಗಕ್ಕ ಕುರ್ಚಿ ಎಳೆದು ಕೂತಾಗಿತ್ತು. ಮೆತ್ತನೆಯ ಕುರ್ಚಿ. ಹನ್ನೆರಡು ವರ್ಷದ ಮೇಲೆ ಅವಳ ಸೊಂಟಕ್ಕೆ, ಅರೆ, ಇಂಥದ್ದೂ ಇದೆಯೇ ಅನ್ನಿಸಿತು. ಜವಾನ ಒರೆಸುವ ಬಟ್ಟೆ ಹಿಡಿದು ಹತ್ತಿರ ಬಂದು, ಕೂತವಳನ್ನು ಒರೆಸುವುದೋ ಕುರ್ಚಿಯನ್ನು ಒರೆಸುವುದೋ ತಿಳಿಯದೆ ನಿಂತ.

ಅವಳು ಫೋನು ತೆಗೆದು ಮೇಜಿನ ಮೇಲೆ ಇಟ್ಟಳು. "ಫೋನಲ್ಲಿ ಅತ್ತಿಗೆ ಇದ್ದಾಳೆ ಸಾರ್, ಕೇಂದ್ರದಿಂದ. ತಡಮಾಡಬಾರದು ಅಂತ ಪುಟ ಹನ್ನೆರಡರಲ್ಲಿದೆ. ನೀವು ಓದಿದ್ದು ಅಲ್ಲಿಗೆ ಹೋಗುತ್ತೆ."

ಸಾಹೇಬರು ಆಗಲಿ ಆಗಲಿ ಎಂಬಂತೆ ಕೈ ಆಡಿಸಿದರು. ಬೇಗ ಮುಗಿಸಿ ಇವಳನ್ನು ಆಚೆ ಕಳಿಸುವುದು ಅವರಿಗೆ ಬೇಕಾಗಿತ್ತು. ಹನ್ನೆರಡನೇ ಪುಟ ತಿರುವಿ ನೋಡುವ ತಾಳ್ಮೆ ಇರಲಿಲ್ಲ. ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ಪೆನ್ನಿನ ಮುಚ್ಚಳ ತೆಗೆದರು.

"ಹೇಳು."

"ಗುಂಡಿಗೆ ಇಳಿಯೋ ಅಣ್ಣತಮ್ಮಂದಿರೇ."

ಪೆನ್ನು ನಿಂತಿತು. "ಯಾರೂ ಇಳಿಯಲ್ಲ ಅಂತ ಆವತ್ತೇ ಹೇಳಿದ್ನಲ್ಲ."

"ಯಾರೂ ಇಳಿಯಲ್ಲ ಅಂದ್ಮೇಲೆ ಇಳೀಬೇಡಿ ಅಂದ್ರೆ ಯಾರಿಗೆ ಏನು ಕಷ್ಟ ಸಾರ್? ಕೇಳೋರೇ ಇರಲ್ಲ. ಬರೀರಿ."

ಸಾಹೇಬರು ಮತ್ತೆ ಹಾಳೆಯ ಮೇಲೆ ಬಾಗಿದರು. ಬರೆದರು.

"ಇಪ್ಪತ್ತೆರಡನೇ ಗುಂಡಿ ನಾರ್ತಿದೆ. ಕೊಳೆತ ಮೊಟ್ಟೆ ನಾತ."

"'ದುರ್ವಾಸನೆ ಬರುತ್ತಿದೆ' ಅಂತ ಹಾಕ್ತೀನಿ."

"ಹೇಳಿದಂತೆಯೇ ಅಂತ ಇದೆ ಸಾರ್. ದುರ್ವಾಸನೆ ನಿಮಗೆ ಬರೋದು. ನಮಗೆ ಬರೋದು ನಾತ."

ನಾತ ಎಂದೇ ಬರೆದರು. ಹತ್ತೂವರೆ.

"ಇವತ್ತು ಆ ಗುಂಡಿಗೆ ಇಳಿಯಬೇಡಿ. ಕಂಟ್ರಾಕ್ಟರ್ ಹೇಳಿದ್ರೂ ಇಳಿಯಬೇಡಿ. ಇಳಿದ್ರೆ ಸಾಯ್ತೀರಿ. ಸತ್ರೆ ರಸ್ತೇಲಿ ಜಾರಿಬಿದ್ದ ಅಂತ ಬರೀತಾರೆ. ಇಷ್ಟೇ ಸಾರ್."

"ಇದಕ್ಕೆಲ್ಲ ಆಧಾರ ಏನು?" ಎಂದು ಸಾಹೇಬರು ಪೆನ್ನು ಕೆಳಗಿಟ್ಟರು. ಕೊನೆಗೂ ಇವಳು ಸಿಕ್ಕಿಬಿದ್ದಳು ಎಂಬ ಸಂತೋಷ ಅವರ ಮುಖದ ಮೇಲೆ ಬಂತು. "ಸತ್ಯಾಸತ್ಯತೆ ಪರಿಶೀಲಿಸಬೇಕು ಅಂತಾನೂ ಇದೆ. ಸಾಕ್ಷಿ ಬೇಕು."

"ತಂದಿದ್ದೀನಲ್ಲ," ಎಂದು ಮೂಗಕ್ಕ ಗಂಟು ಬಿಚ್ಚಿ ಅಂಗಿಯನ್ನು ಮೇಜಿನ ಮೇಲೆ ಹರವಿದಳು.

ಕೋಣೆಯ ಗಾಳಿ ಬದಲಾಯಿತು. ಜವಾನ ಬಾಗಿಲಿನ ಆಚೆ ಹೋಗಿ ಅಲ್ಲಿಂದ ನೋಡಿದ. ಸಾಹೇಬರು ಕುರ್ಚಿಯ ಸಮೇತ ಹಿಂದಕ್ಕೆ ಸರಿದರು. ಹಿಂದೆ ಗೋಡೆ ಇತ್ತು.

"ತೆಗಿ! ತೆಗಿ ಅದನ್ನ!"

"'ಸ್ವತಃ' ಅಂತ ಇದೆ ಸಾರ್. ಕರವಸ್ತ್ರ ತೆಗೆದು ಒಂದೇ ಒಂದು ಸಲ ಮೂಸಿ. ನಾನು ದಿನಾ ಅರವತ್ತು ಮೂಸ್ತೀನಿ, ನಂಗೇನಾಗಿದೆ? ಮೂಸದೆ ಸಹಿ ಹಾಕಿದ್ರೆ ನಿಯಮ ಮುರಿದ ಹಾಗೆ. ಮೂಸಿ ಸುಳ್ಳು ಅನ್ನಿಸಿದ್ರೆ ಹರಿದುಹಾಕಿ, ನಾನು ಎದ್ದು ಹೋಗ್ತೀನಿ."

ಸಾಹೇಬರು ಜವಾನನ ಕಡೆ ನೋಡಿದರು. ಜವಾನ ಚಾವಣಿಯ ಕಡೆ ನೋಡಿದ. ಹತ್ತೂ ನಲವತ್ತು. ಕೊನೆಗೆ ಸಾಹೇಬರು ಕರವಸ್ತ್ರ ತೆಗೆದು, ಎರಡು ಬೆರಳಲ್ಲಿ ಅಂಗಿಯ ತುದಿ ಹಿಡಿದು, ಮೂಗಿನ ಹತ್ತಿರ ತಂದರು. ಅವರ ಮುಖದ ಬಣ್ಣ ಇಳಿಯಿತು. ಕಣ್ಣಲ್ಲಿ ನೀರು ಬಂತು.

"ಇದನ್ನ ಹಾಕ್ಕೊಂಡು..." ಎಂದರು.

"ಹೂಂ ಸಾರ್. ಯಂತ್ರ ಹಾಕ್ಕೊಂಡಿದ್ದ ಅಂಗಿ."

ಸಾಹೇಬರು ಇಂಕಿನ ಪ್ಯಾಡನ್ನು ಅಡಿಪಟ್ಟಿಯ ತುದಿಯಿಂದ ಅವಳತ್ತ ತಳ್ಳಿದರು. ಕೈಗೆ ಕೈ ತಾಗಬಾರದಲ್ಲ. ಅವಳದನ್ನು ಕಂಡೂ ಕಾಣದಂತೆ ಹೆಬ್ಬೆಟ್ಟು ಒತ್ತಿದಳು. ಅವರು ಸಹಿ ಹಾಕಿದರು. ಮೊಹರು ಬಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಹಾಳೆ ಎತ್ತಿ ಹಿಡಿದು, ಸಭೆಯಲ್ಲಿ ಓದುವ ದನಿಯಲ್ಲಿ ಓದಿದರು:

"ಗುಂಡಿಗೆ ಇಳಿಯೋ ಅಣ್ಣತಮ್ಮಂದಿರೇ. ಇಪ್ಪತ್ತೆರಡನೇ ಗುಂಡಿ ನಾರ್ತಿದೆ..."

ಹಿಂದೆ ಯಾರೋ ಅದನ್ನೇ ಹೇಳುತ್ತಿದ್ದರು. ಸಾಹೇಬರು ಪ್ರತಿಧ್ವನಿ ಎಂದುಕೊಂಡು ಇನ್ನೂ ಗಟ್ಟಿಯಾಗಿ ಓದಿದರು. ಪ್ರತಿಧ್ವನಿಯೂ ಗಟ್ಟಿಯಾಯಿತು. "ಕಂಟ್ರಾಕ್ಟರ್ ಹೇಳಿದ್ರೂ ಇಳಿಯಬೇಡಿ. ಇಳಿದ್ರೆ ಸಾಯ್ತೀರಿ. ಸತ್ರೆ ರಸ್ತೇಲಿ ಜಾರಿಬಿದ್ದ ಅಂತ ಬರೀತಾರೆ." ಕೆಳಗೆ ತಮ್ಮ ಹೆಸರನ್ನೂ ಹುದ್ದೆಯನ್ನೂ ಓದಿ ಮುಗಿಸಿದರು.

"ಸಾರ್!" ಎಂದು ಜವಾನ ಕಿಟಕಿಯ ರೇಡಿಯೊ ಎತ್ತಿ ಹಿಡಿದು ಓಡಿಬಂದ. ಅವನ ಮುಖ ಊರಗಲವಾಗಿತ್ತು. "ಸಾರ್, ನೀವು ರೇಡಿಯೊದಲ್ಲಿ ಬರ್ತಿದ್ದೀರ! ಎಷ್ಟು ಚೆನ್ನಾಗಿ ಓದಿದ್ರಿ ಸಾರ್!"

ಸಾಹೇಬರು ರೇಡಿಯೊ ನೋಡಿದರು, ಫೋನು ನೋಡಿದರು, ಮೂಗಕ್ಕನನ್ನು ನೋಡಿದರು. ಮೇಜಿನ ದೊಡ್ಡ ಫೋನು ರಿಂಗಾಗತೊಡಗಿತು.

ಆ ಕಡೆಯಿಂದ ಮಾತಾಡಿದ್ದು ಒಳಚರಂಡಿ ಇಲಾಖೆಯ ಮೇಲಧಿಕಾರಿ. ದನಿ ಎಷ್ಟು ಜೋರಿತ್ತೆಂದರೆ ಮೂಗಕ್ಕನಿಗೂ ಅರ್ಧ ಕೇಳಿಸಿತು. ಯಾರನ್ನು ಕೇಳಿ ಓದಿದ್ರಿ? ಎಂಟು ಜನ ಮೇಲೇ ಕೂತಿದ್ದಾರೆ! ಈಗಲೇ ರದ್ದು ಮಾಡಿ! ಸಾಹೇಬರು "ಹೌದು ಸಾರ್, ಸರಿ ಸಾರ್, ಈಗಲೇ ಸಾರ್" ಎಂದು ನಿಂತೇ ಹೇಳಿ, ಫೋನಿಟ್ಟು, ಹೊಸ ಹಾಳೆ ಎಳೆದುಕೊಂಡರು. ಹತ್ತೂ ಐವತ್ತೆರಡು.

"ಮೊದಲಿನದು ರದ್ದು ಅಂತ ಬರೀತೀನಿ. ಅದನ್ನೂ ನಿಮ್ಮ ಕೇಂದ್ರ ಪ್ರಸಾರ ಮಾಡಬೇಕು."

"ಮಾಡ್ತೀವಿ ಸಾರ್. ತಡಮಾಡದೆ ಮಾಡ್ತೀವಿ," ಎಂದಳು ಮೂಗಕ್ಕ. ಅವಳ ದನಿ ಬಟ್ಟೆ ಹಿಂಡಿದ ಹಾಗೆ ಗಟ್ಟಿಯಾಗಿತ್ತು. "ಆದ್ರೆ ಬರೀ ರದ್ದು ಅಂದ್ರೆ ನಮ್ಮವರಿಗೆ ತಿಳಿಯಲ್ಲ. ಬಿಡಿಸಿ ಬರೀರಿ. 'ಇಪ್ಪತ್ತೆರಡನೇ ಗುಂಡಿಗೆ ಇಳಿಯಬಹುದು. ನಾನು ಅಂಗಿ ಮೂಸಿ ನೋಡಿದ್ದೇನೆ. ಇಳಿಯಿರಿ.' ಕೆಳಗೆ ನಿಮ್ಮ ಹೆಸರು, ಸಹಿ, ಮೊಹರು. ಗಟ್ಟಿಯಾಗಿ ಓದಿ. ಫೋನ್ ಇನ್ನೂ ಇಟ್ಟಿಲ್ಲ, ಎಲ್ರೂ ಕೇಳ್ತಿದ್ದಾರೆ."

"ಇಳಿಯಿರಿ ಅಂತ ನಾನು ಹೇಗೆ ಬರೆಯೋಕಾಗುತ್ತೆ? ಇಳಿಸೋದು ಕಾನೂನಿಗೆ ವಿರುದ್ಧ."

"ಹಾಗಾದ್ರೆ ಇಳಿಯಬೇಡಿ ಅಂತಾನೇ ಇರಲಿ."

"ಅದನ್ನ ರದ್ದು ಮಾಡು ಅಂತ ಮೇಲಿಂದ..."

"ಅಲ್ಲಿ ಕೂತಿರೋನು ನನ್ನ ತಮ್ಮ ಸಾರ್. ಆವತ್ತು ಕಿಟಕಿಯಿಂದ ನಿಮಗೆ ಸಲಾಮು ಹೊಡೆದ, ನೀವೂ ತಲೆ ಆಡಿಸಿದ್ರಿ. ನಿಮ್ಮ ಮಾತು ಕೇಳಿ ನಾನು ಒಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದೆ, ಅವನು ಸಾಯೋಕೆ ಹೋಗಿ ಬಂದ. ಇನ್ನು ನಾನು ಬಾಯಿ ಮುಚ್ಚಲ್ಲ. ಇಳಿಯಿರಿ ಅಂತ ಬರೀರಿ, ಓದಿ. ಅವನು ಸತ್ರೆ ಸಂಜೆ ಅವನ ಅಂಗೀನೂ ತಂದು ಇದೇ ಮೇಜಿನ ಮೇಲೆ ಇಡ್ತೀನಿ. ಅದನ್ನೂ ಮೂಸಿ."

ದೊಡ್ಡ ಫೋನು ಮತ್ತೆ ರಿಂಗಾಯಿತು. ಸಾಹೇಬರು ಎತ್ತಲಿಲ್ಲ. ಪೆನ್ನಿನ ತುದಿ ಹಾಳೆಗೆ ಮುಟ್ಟಿತು. ಅಲ್ಲೇ ಒಂದು ಮಸಿಯ ಚುಕ್ಕೆ ದೊಡ್ಡದಾಗುತ್ತ ಹೋಯಿತು. ಜವಾನನ ಕೈಯಲ್ಲಿದ್ದ ರೇಡಿಯೊದಲ್ಲಿ ಫೋನಿನ ಗಂಟೆಯೂ ಕೇಳುತ್ತಿತ್ತು, ಅದು ನಿಂತ ಮೇಲೆ ಏನೂ ಕೇಳಲಿಲ್ಲ. ಅರ್ಧ ಊರು ಆ ಏನೂ ಇಲ್ಲದ್ದನ್ನು ಕೇಳುತ್ತ ಕೂತಿತು. ಇನ್ನರ್ಧಕ್ಕೆ ಗೊರಗೊರ.

ಹನ್ನೊಂದು ಹೊಡೆಯಿತು. ಸಾಹೇಬರು ಹಾಳೆಯನ್ನು ಖಾಲಿಯಾಗಿಯೇ ಪಕ್ಕಕ್ಕಿಟ್ಟು, ಪೆನ್ನಿಗೆ ಮುಚ್ಚಳ ಹಾಕಿದರು. ಟಕ್ ಎಂದಿತು.

ಇಪ್ಪತ್ತೆರಡನೇ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ತಮ್ಮನಿಗೆ ಆ ಸದ್ದು ಚೆನ್ನಾಗಿ ಕೇಳಿಸಿತಂತೆ. ಅವನು ಕಾಲು ಮೇಲೆ ಎಳೆದುಕೊಂಡ. ಸೊಂಟದ ಹಗ್ಗ ಬಿಚ್ಚಿದ. ನಾಲ್ಕು ಜನ ಸೇರಿ ಕಬ್ಬಿಣದ ಮುಚ್ಚಳವನ್ನು ದರದರ ಎಳೆದು ಗುಂಡಿಯ ಬಾಯಿಗೆ ಮುಚ್ಚಿದರು. ಅದರ ಮೇಲೆ ಎಂಟೂ ಜನ ಒತ್ತೊತ್ತಾಗಿ ಕೂತು ಚಹಾ ತರಿಸಿದರು. ಕಂಟ್ರಾಕ್ಟರ್ ಬಂದು ಕೂಗಾಡಿದ. "ಸರ್ಕಾರಿ ಪ್ರಕಟಣೆ ಅಣ್ಣ, ನಾವೇನು ಮಾಡೋಕಾಗುತ್ತೆ," ಎಂದು ತಮ್ಮ ಕೆಮ್ಮುತ್ತ ಹೇಳಿದ. ಇದೆಲ್ಲ ಅವನು ಸಂಜೆ ಮನೆಯಲ್ಲಿ ಹೇಳಿದ್ದು.

ಕಚೇರಿಯಲ್ಲಿ ಮೂಗಕ್ಕ ಅಂಗಿ ಮಡಚಿ ಗಂಟು ಕಟ್ಟಿದಳು. ಮೊಹರು ಬಿದ್ದ ಹಾಳೆಯನ್ನು ಎರಡಾಗಿ ಮಡಿಸಿ ಸೆರಗಿನ ಒಳಗೆ ಇಟ್ಟುಕೊಂಡಳು. ಎದ್ದು ನಿಂತಾಗ ಸೊಂಟ ಎಂದಿನಂತೆ ಹಿಡಿಯಿತು. ಜವಾನ ಒರೆಸುವ ಬಟ್ಟೆ ಹಿಡಿದು ಖಾಲಿಯಾದ ಕುರ್ಚಿಯ ಕಡೆ ಒಂದು ಹೆಜ್ಜೆ ಇಟ್ಟ.

"ನಾಳೆ ಹತ್ತಕ್ಕೆ ಮತ್ತೆ ಬರ್ತೀನಿ ಸಾರ್," ಎಂದಳು ಮೂಗಕ್ಕ. "ಕುರ್ಚಿ ಒರೆಸಬೇಡಿ."